ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ, ಪ್ರೋಬಯಾಟಿಕ್ ಮತ್ತೆ ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಹೊಟ್ಟೇಲಿ ನಿಜವಾಗ್ಲೂ ಅಷ್ಟೊಂದು ಬ್ಯಾಕ್ಟೀರಿಯಾ ಇದಾವಾ?

ಇದಾವೆ. 2016ರಲ್ಲಿ ರಾನ್ ಸೆಂಡರ್, ಶಾಯ್ ಫುಕ್ಸ್, ರಾನ್ ಮಿಲೊ ಅನ್ನೋ ಮೂರು ಜನ ವಿಜ್ಞಾನಿಗಳು ಇದನ್ನ ಹೊಸದಾಗಿ ಲೆಕ್ಕ ಹಾಕಿದ್ರು. 70 ಕೆಜಿ ತೂಕದ ಒಬ್ಬ ಗಂಡಸಿನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, ಅವನ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ, ಅಂದ್ರೆ ಹೆಚ್ಚುಕಮ್ಮಿ ಸಮಸಮ. ಬ್ಯಾಕ್ಟೀರಿಯಾ ನಮಗಿಂತ 10 ಪಟ್ಟು ಜಾಸ್ತಿ ಅಂತ ಈಗಲೂ ಎಲ್ಲಾ ಕಡೆ ಬರೀತಾರೆ, ಅದು ಹಳೇ ಅಂದಾಜು, ಬಿಟ್ಬಿಡಿ. ಎಲ್ಲಾ ಸೇರಿಸಿದ್ರೂ ತೂಕ 200 ಗ್ರಾಂ ಆಸುಪಾಸು ಅಷ್ಟೇ.

ಇನ್ನೊಂದು ವಿಷಯ, ನಾವು "ಹೊಟ್ಟೆ" ಅಂದ್ರೂ ಇವು ಇರೋದು ಜಠರದಲ್ಲಲ್ಲ. ಜಠರದ ಆಸಿಡ್‌ಗೆ ಹೆಚ್ಚಿನವು ಸಾಯ್ತವೆ, ಸಣ್ಣ ಕರುಳಿನ ಮೊದಲ ಭಾಗದಲ್ಲೂ ಕಮ್ಮೀನೇ, ನಿಜವಾದ ಜನಸಂದಣಿ ಇರೋದು ದೊಡ್ಡ ಕರುಳಲ್ಲಿ, ಅಲ್ಲಿ ಒಂದು ಗ್ರಾಮಿಗೆ 10 ಸಾವಿರ ಕೋಟಿ ತನಕ ಹೋಗುತ್ತೆ.

ಅಲ್ಲಿ ಇದ್ಕೊಂಡು ಅವು ಏನು ಕೆಲಸ ಮಾಡ್ತವೆ?

ಇದು ಸರಿಯಾಗಿ ಗೊತ್ತಾದ್ರೆ ಉಳಿದ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗೇ ಸಿಗುತ್ತೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ನಾವು ತಿನ್ನೋ ತರಕಾರಿ, ಕಾಳು, ಹಣ್ಣು, ಇಡೀ ಧಾನ್ಯದಲ್ಲಿರೋ ನಾರಿನಂಶವನ್ನ ಜೀರ್ಣ ಮಾಡೋ ಎಂಜೈಮ್ ನಮ್ಮ ದೇಹದಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಬಂದು ಸೇರುತ್ತೆ, ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನ ಹುದುಗಿಸಿ ಅಸಿಟೇಟ್, ಪ್ರೋಪಿಯೋನೇಟ್, ಬ್ಯುಟಿರೇಟ್ ಅನ್ನೋ ಮೂರು ಕೊಬ್ಬಿನಾಮ್ಲ ತಯಾರಿಸ್ತವೆ. ಇದರಲ್ಲಿ ಬ್ಯುಟಿರೇಟ್ ಹೆಸರು ನೆನಪಿಟ್ಕೊಳ್ಳಿ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಮುಖ್ಯ ಆಹಾರವೇ ಇದು, ರಕ್ತದಲ್ಲಿ ಬರೋ ಸಕ್ಕರೆಗಿಂತ ಇದನ್ನೇ ಅವು ಜಾಸ್ತಿ ಉರಿಸಿ ಶಕ್ತಿ ತಗೊಳ್ತವೆ. ಬ್ಯುಟಿರೇಟ್ ಚೆನ್ನಾಗಿ ಸಿಕ್ಕಾಗ ಗೋಡೆ ಬಿಗಿಯಾಗಿರುತ್ತೆ, ಮೇಲಿನ ಲೋಳೆ ಪದರ ಗಟ್ಟಿಯಾಗಿರುತ್ತೆ, ಉರಿಯೂತ ಹತೋಟೀಲಿರುತ್ತೆ. ಇದನ್ನ ತಯಾರಿಸೋದ್ರಲ್ಲಿ ಫೀಕಲಿಬ್ಯಾಕ್ಟೀರಿಯಂ ಪ್ರಾಸ್ನಿಟ್ಜಿ ಅನ್ನೋದು ದೊಡ್ಡ ಹೆಸರು, ಕ್ರೋನ್ಸ್ ಅನ್ನೋ, ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆ ಇರೋರ ಕರುಳಲ್ಲಿ ಇದು ಕಮ್ಮಿ ಇರೋದು ಮತ್ತೆ ಮತ್ತೆ ಕಂಡುಬಂದಿದೆ. ನಾರು ಸಿಗದೇ ಹೋದ್ರೆ ಕೆಲವು ಬ್ಯಾಕ್ಟೀರಿಯಾಗಳು ಆ ಲೋಳೆ ಪದರವನ್ನೇ ತಿನ್ನೋಕೆ ತಿರುಗ್ತವೆ, ಇಲಿಗಳ ಮೇಲಿನ ಪ್ರಯೋಗದಲ್ಲಿ ಇದು ಸ್ಪಷ್ಟವಾಗಿ ಕಂಡಿದೆ.

ಇನ್ನು ವಿಟಮಿನ್ ಕೆ ಮತ್ತೆ ಕೆಲವು ಬಿ ವಿಟಮಿನ್‌ಗಳನ್ನ ತಯಾರಿಸ್ತವೆ. ಲಿವರ್‌ನಿಂದ ಬರೋ ಪಿತ್ತದ ಆಮ್ಲಗಳನ್ನ ಬೇರೆ ರೂಪಕ್ಕೆ ಬದಲಾಯಿಸ್ತವೆ. ಜಾಗ, ಆಹಾರ ಎರಡನ್ನೂ ಮೊದಲೇ ಹಿಡ್ಕೊಂಡು ಹೊರಗಿನ ರೋಗಾಣುಗಳಿಗೆ ನೆಲೆ ಸಿಗದ ಹಾಗೆ ಮಾಡ್ತವೆ. ಎಲ್ಲಕ್ಕಿಂತ ದೊಡ್ಡದು, ನಮ್ಮ ರೋಗನಿರೋಧಕ ವ್ಯವಸ್ಥೆಗೆ ಯಾರು ಶತ್ರು ಯಾರು ಅಲ್ಲ ಅಂತ ಗುರುತಿಸೋದನ್ನ ಕಲಿಸ್ತವೆ. ಒಂದೂ ಸೂಕ್ಷ್ಮಜೀವಿ ಇಲ್ಲದ ಹಾಗೆ ಲ್ಯಾಬ್‌ನಲ್ಲಿ ಸಾಕಿದ ಇಲಿಗಳಲ್ಲಿ ಈ ವ್ಯವಸ್ಥೆ ಪೂರ್ತಿ ಬೆಳೆಯೋದೇ ಇಲ್ಲ.

ಹಾಗಾದ್ರೆ ಪ್ರೋಬಯಾಟಿಕ್ ಅಂದ್ರೆ ಏನು? ಹುಳಿ ಬಂದಿರೋದೆಲ್ಲಾ ಪ್ರೋಬಯಾಟಿಕ್ಕಾ?

ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ವಿಶ್ವಸಂಸ್ಥೆಯ ಆಹಾರ ಕೃಷಿ ಸಂಸ್ಥೆ ಸೇರಿ 2001ರಲ್ಲಿ ಕೊಟ್ಟ ವ್ಯಾಖ್ಯಾನದ ಪ್ರಕಾರ ಮೂರು ವಿಷಯ ಇರ್ಬೇಕು: ಸೂಕ್ಷ್ಮಜೀವಿ ಜೀವಂತ ಇರ್ಬೇಕು, ಸಾಕಷ್ಟು ಪ್ರಮಾಣದಲ್ಲಿ ಇರ್ಬೇಕು, ತಗೊಂಡವರ ಆರೋಗ್ಯಕ್ಕೆ ಅದರಿಂದ ಲಾಭ ಆಗ್ಬೇಕು. ಮೂರನೇದು ಪರೀಕ್ಷೆ ಮಾಡಿ ತೋರಿಸಬೇಕಾದ ವಿಷಯ, ಡಬ್ಬಿ ಮೇಲೆ ಅಚ್ಚು ಹಾಕಿದ ತಕ್ಷಣ ಬರೋದಲ್ಲ.

ಯೋಚನೆ ಮಾತ್ರ ಹಳೇದು. ಪ್ಯಾರಿಸ್‌ನ ಪಾಶ್ಚರ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದ ಎಲೀ ಮೆಚ್ನಿಕಾಫ್, 1908ರಲ್ಲಿ ರೋಗನಿರೋಧಕ ಶಕ್ತಿ ಬಗ್ಗೆ ಮಾಡಿದ ಕೆಲಸಕ್ಕೆ ನೊಬೆಲ್ ಪಡೆದವರು, ಹುಳಿ ಹಾಲಿನ ಬ್ಯಾಕ್ಟೀರಿಯಾ ಕರುಳಿನ ಕೆಟ್ಟ ಬ್ಯಾಕ್ಟೀರಿಯಾವನ್ನ ತಡೆದು ಆಯಸ್ಸು ಹೆಚ್ಚಿಸುತ್ತೆ ಅಂತ ಆಗಲೇ ವಾದ ಮಾಡಿದ್ರು. ಆಯಸ್ಸಿನ ಮಾತು ಸಾಬೀತಾಗಲಿಲ್ಲ, ಆದ್ರೆ ಕರುಳಿನ ಜೀವಿಗಳನ್ನ ಬದಲಾಯಿಸಿ ಆರೋಗ್ಯ ಸುಧಾರಿಸ್ಬಹುದು ಅನ್ನೋ ದಾರಿ ಅಲ್ಲಿಂದ ಶುರುವಾಯ್ತು. 1930ರಲ್ಲಿ ಜಪಾನಿನ ಮಿನೊರು ಶಿರೋಟಾ ಒಂದು ಬ್ಯಾಕ್ಟೀರಿಯಾ ತಳಿಯನ್ನ ಬೇರ್ಪಡಿಸಿದ್ರು, 1935ರಿಂದ ಅದು ಯಾಕುಲ್ಟ್ ಅನ್ನೋ ಹೆಸರಲ್ಲಿ ಮಾರಾಟಕ್ಕೆ ಬಂತು.

ಪ್ರಿಬಯಾಟಿಕ್, ಸಿನ್‌ಬಯಾಟಿಕ್, ಪೋಸ್ಟ್‌ಬಯಾಟಿಕ್ ಅಂತೆಲ್ಲಾ ಇರುತ್ತಲ್ಲಾ?

ಪ್ರಿಬಯಾಟಿಕ್ ಅಂದ್ರೆ ಒಳ್ಳೇ ಬ್ಯಾಕ್ಟೀರಿಯಾಗೆ ಆಹಾರ, ಇನ್ಯುಲಿನ್ ಅಂಥ ನಾರುಗಳು. ಸಿನ್‌ಬಯಾಟಿಕ್ ಅಂದ್ರೆ ಬ್ಯಾಕ್ಟೀರಿಯಾ ಮತ್ತೆ ಅದರ ಆಹಾರ ಎರಡೂ ಸೇರಿಸಿದ್ದು. ಪೋಸ್ಟ್‌ಬಯಾಟಿಕ್ ಅಂದ್ರೆ ಸತ್ತ ಸೂಕ್ಷ್ಮಜೀವಿ ಅಥವಾ ಅದರ ಭಾಗಗಳಿಂದ ಮಾಡಿ, ಲಾಭ ಇದೆ ಅಂತ ತೋರಿಸಿರೋದು. ಇಷ್ಟು ಸಾಕು.

ಕ್ಯಾಪ್ಸೂಲ್‌ನಲ್ಲಿರೋ ಬ್ಯಾಕ್ಟೀರಿಯಾ ಹೊಟ್ಟೇಲೇ ನೆಲೆ ನಿಲ್ಲುತ್ತಾ?

ಸಾಮಾನ್ಯವಾಗಿ ಇಲ್ಲ. ಆಗಲೇ ತುಂಬಿ ತುಳುಕ್ತಿರೋ ಬಸ್ಸಿಗೆ ಹತ್ತಿದ ಹಾಗೆ ಅದು, ಸೀಟು ಸಿಗಲ್ಲ, ನಾಲ್ಕು ಸ್ಟಾಪ್ ನಿಂತ್ಕೊಂಡು ಹೋಗಿ ಇಳೀತಾರೆ. ತಗೊಳ್ತಾ ಇರೋ ತನಕ ಮಲದಲ್ಲಿ ಕಾಣಿಸ್ತವೆ, ನಿಲ್ಲಿಸಿದ ಕೆಲವು ದಿನ ಅಥವಾ ವಾರಗಳಲ್ಲಿ ಮಾಯ. ಅಂದ್ರೆ ಪ್ರಯೋಜನ ಇಲ್ಲ ಅಂತಲ್ಲ, ಹಾದು ಹೋಗ್ತಾನೂ ಆಮ್ಲ ಬಿಟ್ಟು, ರೋಗಾಣುಗಳ ಜೊತೆ ಜಾಗಕ್ಕೆ ಪೈಪೋಟಿ ಮಾಡಿ, ಕರುಳಿನ ಗೋಡೆಗೆ ಸಂಕೇತ ಕೊಟ್ಟು ಕೆಲಸ ಮಾಡ್ಬಹುದು.

2018ರಲ್ಲಿ ಇಸ್ರೇಲಿನ ವೈಜ್ಮನ್ ಇನ್‌ಸ್ಟಿಟ್ಯೂಟ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬರೀ ಮಲ ನೋಡದೆ ಎಂಡೋಸ್ಕೋಪಿ ಮಾಡಿ ಕರುಳಿನ ಒಳಗಿಂದಲೇ ಸ್ಯಾಂಪಲ್ ತೆಗೆದ್ರು. ಒಂದೇ ಪ್ರೋಬಯಾಟಿಕ್ ತಗೊಂಡ ಜನರಲ್ಲಿ ಕೆಲವರ ಕರುಳು ಅದಕ್ಕೆ ಜಾಗ ಕೊಟ್ಟಿತ್ತು, ಕೆಲವರದ್ದು ಪೂರ್ತಿ ತಳ್ಳಿಹಾಕಿತ್ತು. ಪಕ್ಕದ ಮನೆಯವರಿಗೆ ಕೆಲಸ ಮಾಡಿದ್ದು ನಿಮಗೆ ಮಾಡದೇ ಇರೋದಕ್ಕೆ ಇದೂ ಒಂದು ಕಾರಣ.

ಹೆಸರಿನ ಕೊನೇಲಿ ಇರೋ ಅಕ್ಷರ, ನಂಬರ್‌ಗಳು ಯಾಕೆ?

ಇದನ್ನ ಯಾರೂ ಓದಲ್ಲ, ಆದ್ರೆ ಡಬ್ಬಿ ಮೇಲಿನ ಅತಿ ಮುಖ್ಯವಾದ ಮಾಹಿತಿ ಇದೇ. ಲ್ಯಾಕ್ಟೊಬ್ಯಾಸಿಲಸ್ ರಾಮ್ನೋಸಸ್ ಅನ್ನೋದು ಪ್ರಭೇದದ ಹೆಸರು, ಕೊನೇಲಿರೋ ಜಿಜಿ ಅನ್ನೋದು ತಳಿ. ಪರೀಕ್ಷೆ ಆಗಿರೋದು ತಳಿ ಮೇಲೆ, ಹಾಗಾಗಿ ಜಿಜಿ ಮೇಲೆ ಬಂದ ಫಲಿತಾಂಶವನ್ನ ಬೇರೆ ರಾಮ್ನೋಸಸ್‌ಗೆ ಹಚ್ಚೋಕಾಗಲ್ಲ. ತಳಿಗೆ ತಳಿಗೆ ಎಷ್ಟು ವ್ಯತ್ಯಾಸ ಅಂದ್ರೆ ಇ. ಕೋಲೈ ನೋಡಿ, ಅದರ ಒ157 ಅನ್ನೋ ಬಗೆ ರಕ್ತಭೇದಿ ತರಿಸಿ ಕಿಡ್ನಿ ಕೆಡಿಸುತ್ತೆ, ಅದೇ ಇ. ಕೋಲೈನ ನಿಸ್ಲೆ 1917 ಅನ್ನೋ ತಳಿಯನ್ನ ಜರ್ಮನಿಯ ಆಲ್ಫ್ರೆಡ್ ನಿಸ್ಲೆ ಮೊದಲನೇ ಮಹಾಯುದ್ಧದ ಕಾಲದಲ್ಲಿ, ಸುತ್ತಲಿನವರಿಗೆಲ್ಲಾ ಭೇದಿ ಹತ್ತಿದ್ರೂ ತನಗೆ ಏನೂ ಆಗದೇ ಉಳಿದಿದ್ದ ಒಬ್ಬ ಸೈನಿಕನಿಂದ ತೆಗೆದ್ರು, ಅದನ್ನ ಈಗಲೂ ಪ್ರೋಬಯಾಟಿಕ್ ಆಗಿ ಬಳಸ್ತಾರೆ.

ಅಂದಹಾಗೆ 2020ರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಅನ್ನೋ ದೊಡ್ಡ ಕುಲವನ್ನ 25 ಕುಲಗಳಾಗಿ ಒಡೆದ್ರು, ಅದಕ್ಕೆ ಹೊಸ ಡಬ್ಬಿಗಳ ಮೇಲೆ ಲ್ಯಾಕ್ಟಿಕೇಸಿಬ್ಯಾಸಿಲಸ್, ಲಿಮೋಸಿಲ್ಯಾಕ್ಟೊಬ್ಯಾಸಿಲಸ್ ಅಂತ ಕಾಣಿಸಿದ್ರೆ ಗಾಬರಿ ಬೇಡ, ಒಳಗಿರೋದು ಅದೇ ಜೀವಿ.

ಸರಿ, ಯಾವ ತೊಂದರೆಗೆ ಪ್ರೋಬಯಾಟಿಕ್ ನಿಜವಾಗ್ಲೂ ಕೆಲಸ ಮಾಡುತ್ತೆ?

ಜಾಹೀರಾತಲ್ಲಿ ಕೇಳೋದಕ್ಕಿಂತ ತುಂಬಾ ಕಮ್ಮಿ ತೊಂದರೆಗಳಿಗೆ, ಆದ್ರೆ ಕೆಲವಕ್ಕೆ ಖಂಡಿತ.

ಆಂಟಿಬಯಾಟಿಕ್ ಜೊತೆ ಬರೋ ಭೇದಿ ತಡೆಯೋಕೆ ಕೆಲವು ತಳಿಗಳಿಗೆ ಒಳ್ಳೇ ಆಧಾರ ಇದೆ, ಮುಖ್ಯವಾಗಿ ಸ್ಯಾಕರೊಮೈಸಿಸ್ ಬೌಲಾರ್ಡಿ ಅನ್ನೋ ಯೀಸ್ಟ್ ಮತ್ತೆ ರಾಮ್ನೋಸಸ್ ಜಿಜಿ. ಹಾಲಿನಲ್ಲಿರೋ ಲ್ಯಾಕ್ಟೋಸ್ ಅನ್ನೋ ಸಕ್ಕರೆ ಜೀರ್ಣ ಆಗದೇ ಇರೋರಿಗೆ ಮೊಸರಿನ ಜೀವಂತ ಬ್ಯಾಕ್ಟೀರಿಯಾ ಅದನ್ನ ಜೀರ್ಣ ಮಾಡೋಕೆ ನೆರವಾಗುತ್ತೆ, ಇದನ್ನ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಒಪ್ಪಿದೆ, ಅದೇ ಸಂಸ್ಥೆ ಪ್ರೋಬಯಾಟಿಕ್ ಕಂಪನಿಗಳು ಮುಂದಿಟ್ಟ ಬೇರೆ ಎಷ್ಟೋ ಹೇಳಿಕೆಗಳನ್ನ ಆಧಾರ ಸಾಲದು ಅಂತ ತಿರಸ್ಕರಿಸಿದೆ ಅನ್ನೋದನ್ನೂ ನೋಡಿ. ಅವಧಿಗೆ ಮುಂಚೆ, ತೀರಾ ಕಮ್ಮಿ ತೂಕದಲ್ಲಿ ಹುಟ್ಟಿದ ಕೂಸುಗಳಲ್ಲಿ ಕರುಳು ಕೊಳೆಯೋ ಒಂದು ಭಯಂಕರ ಕಾಯಿಲೆಯ ಅಪಾಯ ಕೆಲವು ತಳಿಗಳಿಂದ ತಗ್ಗುತ್ತೆ, ಆದ್ರೆ ಇದು ಆಸ್ಪತ್ರೇಲಿ ತಜ್ಞರು ಮಾತ್ರ ತೀರ್ಮಾನಿಸಬೇಕಾದ್ದು, ಯಾಕಂದ್ರೆ ಅಂಥದ್ದೇ ಒಂದು ಕೂಸಿಗೆ ಕೊಟ್ಟ ಬ್ಯಾಕ್ಟೀರಿಯಾವೇ ರಕ್ತಕ್ಕೆ ಸೇರಿ ಕೂಸು ತೀರಿಹೋದ ಮೇಲೆ 2023ರಲ್ಲಿ ಅಮೆರಿಕದ ಆಹಾರ ಮತ್ತೆ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿದೆ.

ಮಕ್ಕಳಿಗೆ ಇದ್ದಕ್ಕಿದ್ದಂತೆ ಬರೋ ವಾಂತಿ ಭೇದಿಗೆ ಪ್ರೋಬಯಾಟಿಕ್ ಕೊಡೋದು ಮೊದಲಿಂದ ರೂಢಿ. ಅಮೆರಿಕ ಮತ್ತೆ ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ, ಡಮ್ಮಿ ಪುಡಿ ಕೊಟ್ಟ ಮಕ್ಕಳಿಗೂ ಪ್ರೋಬಯಾಟಿಕ್ ಕೊಟ್ಟ ಮಕ್ಕಳಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಭೇದಿ ಆದ ಮಗುವಿಗೆ ಜೀವ ಉಳಿಸೋದು ಓಆರ್‌ಎಸ್, ದಯವಿಟ್ಟು ಅದನ್ನ ಮೊದಲು ಕೊಡಿ. ಐಬಿಎಸ್, ಅಂದ್ರೆ ಹೊಟ್ಟೆನೋವು, ಉಬ್ಬರ, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ ಅಂತ ಒದ್ದಾಡೋರಲ್ಲಿ ಕೆಲವರಿಗೆ ಹಾಯೆನಿಸುತ್ತೆ, ಕೆಲವರಿಗೆ ಇಲ್ಲ, ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ಸಂಘ 2020ರ ಮಾರ್ಗಸೂಚೀಲಿ ಇದಕ್ಕೆ ಸದ್ಯ ಸಂಶೋಧನೆಯ ಭಾಗವಾಗಿ ಮಾತ್ರ ಬಳಸಿ ಅಂತ ಹೇಳಿದೆ.

ಆಂಟಿಬಯಾಟಿಕ್ ತಗೊಂಡ್ರೆ ಹೊಟ್ಟೆ ಬ್ಯಾಕ್ಟೀರಿಯಾ ಪೂರ್ತಿ ನಾಶ ಆಗುತ್ತಾ? ಮತ್ತೆ ಬರುತ್ತಾ?

ಪೂರ್ತಿ ನಾಶ ಆಗಲ್ಲ, ಆದ್ರೆ ಏಟು ಜೋರಾಗೇ ಬೀಳುತ್ತೆ. 12 ಜನ ಆರೋಗ್ಯವಂತ ಗಂಡಸರಿಗೆ ಮೂರು ಬಲವಾದ ಆಂಟಿಬಯಾಟಿಕ್ ಒಟ್ಟಿಗೆ ಕೊಟ್ಟು ನೋಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟ ಆಯ್ತು. ಸುಮಾರು ಒಂದೂವರೆ ತಿಂಗಳಲ್ಲಿ ಬಹುಪಾಲು ಮೊದಲಿನ ಹಾಗೇ ಆಯ್ತು, ಆದ್ರೆ ಶುರುವಲ್ಲಿ ಎಲ್ಲರಲ್ಲೂ ಇದ್ದ 9 ಪ್ರಭೇದಗಳು 6 ತಿಂಗಳಾದ್ರೂ ಹೆಚ್ಚಿನವರಲ್ಲಿ ವಾಪಸ್ ಕಾಣಿಸಲಿಲ್ಲ. ಇದಕ್ಕೇ ನಾನು ಒತ್ತಿ ಹೇಳೋದು, ವೈರಸ್‌ನಿಂದ ಬರೋ ನೆಗಡಿಗೆ ಆಂಟಿಬಯಾಟಿಕ್ ನುಂಗಬೇಡಿ, ಅದು ನೆಗಡಿಗೆ ಏನೂ ಮಾಡಲ್ಲ, ಕರುಳಿಗೆ ಮಾತ್ರ ಮಾಡುತ್ತೆ. ಡಾಕ್ಟರ್ ನೋಡಿ ಬೇಕೇಬೇಕು ಅಂದಾಗ ಮಾತ್ರ ಭಯ ಬಿಟ್ಟು ತಗೊಳ್ಳಿ, ಬ್ಯಾಕ್ಟೀರಿಯಾ ಹಾಳಾಗುತ್ತೆ ಅಂತ ಮಧ್ಯದಲ್ಲಿ ನಿಮಗೆ ನೀವೇ ನಿಲ್ಲಿಸೋದು ತುಂಬಾ ಅಪಾಯ.

ಹಾಗಿದ್ರೆ ಆಂಟಿಬಯಾಟಿಕ್ ಜೊತೆ ಪ್ರೋಬಯಾಟಿಕ್ ತಗೊಳ್ಳೋದು ಒಳ್ಳೇದಲ್ವಾ?

ಭೇದಿ ತಡೆಯೋದು ಉದ್ದೇಶ ಆದ್ರೆ ಹೌದು, ಸರಿಯಾದ ತಳಿ ಉಪಯೋಗಕ್ಕೆ ಬರುತ್ತೆ. "ಹಳೇ ಬ್ಯಾಕ್ಟೀರಿಯಾ ಬೇಗ ವಾಪಸ್ ಬರ್ಲಿ" ಅನ್ನೋದು ಉದ್ದೇಶ ಆದ್ರೆ ಕಥೆ ಬೇರೆ. ಅದೇ ವೈಜ್ಮನ್ ತಂಡದ ಇನ್ನೊಂದು ಅಧ್ಯಯನದಲ್ಲಿ 21 ಜನರಿಗೆ ಆಂಟಿಬಯಾಟಿಕ್ ಕೊಟ್ಟು ಮೂರು ಗುಂಪು ಮಾಡಿದ್ರು. ಏನೂ ಮಾಡದೇ ಬಿಟ್ಟವರಿಗಿಂತ ಪ್ರೋಬಯಾಟಿಕ್ ತಗೊಂಡವರ ಮೂಲ ಬ್ಯಾಕ್ಟೀರಿಯಾ ವಾಪಸ್ ಬರೋದು ತಡ ಆಯ್ತು, ಖಾಲಿ ಆದ ಜಾಗವನ್ನ ಹೊಸಬರು ಹಿಡ್ಕೊಂಡಿದ್ರು. ಮೊದಲೇ ತೆಗೆದಿಟ್ಟ ತಮ್ಮದೇ ಮಲದ ಬ್ಯಾಕ್ಟೀರಿಯಾ ವಾಪಸ್ ಪಡೆದವರು ಎಲ್ಲರಿಗಿಂತ ಬೇಗ ಸರಿಹೋದ್ರು. ಚಿಕ್ಕ ಅಧ್ಯಯನ, ಇದೊಂದರ ಮೇಲೆ ತೀರ್ಪು ಕೊಡೋಕಾಗಲ್ಲ, ಆದ್ರೂ "ತಗೊಂಡ್ರೆ ನಷ್ಟ ಏನಿದೆ" ಅನ್ನೋ ಮಾತು ಅಷ್ಟು ಸಲೀಸಲ್ಲ ಅಂತ ಇದು ತೋರಿಸುತ್ತೆ.

ತಗೊಳ್ಳೋದಾದ್ರೆ ಬ್ಯಾಕ್ಟೀರಿಯಾ ಇರೋ ಪ್ರೋಬಯಾಟಿಕ್ಕನ್ನ ಆಂಟಿಬಯಾಟಿಕ್‌ಗಿಂತ ಎರಡು ಗಂಟೆ ಆದ್ರೂ ಬಿಟ್ಟು ತಗೊಳ್ಳಿ, ಇಲ್ಲಾಂದ್ರೆ ಒಂದು ಮಾತ್ರೆ ಇನ್ನೊಂದನ್ನ ಕೊಲ್ಲುತ್ತೆ. ಬೌಲಾರ್ಡಿ ಯೀಸ್ಟ್ ಆದ್ದರಿಂದ ಬ್ಯಾಕ್ಟೀರಿಯಾ ಕೊಲ್ಲೋ ಔಷಧಿಗೆ ಅದು ಸಾಯಲ್ಲ.

ದಿನಾ ಮೊಸರು ತಿಂದ್ರೆ ಸಾಕಾ?

ಮೊಸರು ಒಳ್ಳೇದು, ಸಂಶಯ ಬೇಡ. ಆದ್ರೆ ಬ್ಯಾಕ್ಟೀರಿಯಾ ಜೀವಂತ ಇರ್ಬೇಕು. ಹೆಪ್ಪಾದ ಮೇಲೆ ಮತ್ತೆ ಬಿಸಿ ಮಾಡಿ ಪ್ಯಾಕ್ ಮಾಡಿದ್ರಲ್ಲಿ ಅವು ಸತ್ತಿರ್ತವೆ, ಬಿಸಿ ಅಡುಗೆಗೆ ಹಾಕಿ ಕುದಿಸಿದ್ರೂ ಅಷ್ಟೇ. ವಿನಿಗರ್ ಹಾಕಿ ಹುಳಿ ಮಾಡಿದ ತರಕಾರಿ ಹುದುಗಿದ್ದಲ್ಲ, ಬರೀ ಉಪ್ಪುನೀರಲ್ಲಿ ತಾನಾಗೇ ಹುಳಿ ಬಂದಿದ್ದು ಹುದುಗಿದ್ದು. ಹಣ್ಣಿನ ಫ್ಲೇವರ್ ಇರೋ ಸಿಹಿ ಮೊಸರಿನ ಡಬ್ಬಿ ತಗೊಳ್ಳೋ ಮುಂಚೆ ಸಕ್ಕರೆ ಎಷ್ಟಿದೆ ಅಂತ ಓದಿ.

2021ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು 36 ಜನರನ್ನ ಎರಡು ಗುಂಪು ಮಾಡಿ ಒಂದಕ್ಕೆ ಮೊಸರು, ಕೆಫೀರ್ (ಹುದುಗಿಸಿದ ಹಾಲು), ಕೊಂಬುಚಾ (ಹುದುಗಿಸಿದ ಟೀ), ಹುದುಗಿಸಿದ ತರಕಾರಿ ಅಂಥವು, ಇನ್ನೊಂದಕ್ಕೆ ನಾರು ಜಾಸ್ತಿ ಇರೋ ಊಟ 10 ವಾರ ಕೊಟ್ಟು ನೋಡಿದ್ರು. ಹುದುಗಿದ ಆಹಾರ ತಿಂದವರಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಾಯ್ತು, ರಕ್ತದಲ್ಲಿ ಉರಿಯೂತ ತೋರಿಸೋ 19 ಪ್ರೋಟೀನ್ ಕಮ್ಮಿ ಆದ್ವು. ವಿಶೇಷ ಏನಂದ್ರೆ ಹೊಸದಾಗಿ ಬಂದ ಹೆಚ್ಚಿನ ಬ್ಯಾಕ್ಟೀರಿಯಾಗಳು ಆ ಆಹಾರದಲ್ಲಿದ್ದವಲ್ಲ, ಅಂದ್ರೆ ಆಹಾರ ಬರೀ ಬ್ಯಾಕ್ಟೀರಿಯಾ ಸಾಗಿಸಲಿಲ್ಲ, ಒಳಗಿನ ವಾತಾವರಣವನ್ನೇ ಬದಲಾಯಿಸ್ತು.

ಕ್ಯಾಪ್ಸೂಲ್ ಬೇಡ ಅಂದ್ರೆ ಏನು ಮಾಡ್ಬೇಕು ಹೇಳಿ.

ಒಳಗೆ ಇರೋವಕ್ಕೆ ಊಟ ಹಾಕಿ. ಹೊರಗಿಂದ ಹೊಸ ಬ್ಯಾಕ್ಟೀರಿಯಾ ತಂದು ಸುರಿಯೋದಕ್ಕಿಂತ ಇದು ಸಾವಿರ ಪಾಲು ಮೇಲು ಅಂತ ನನ್ನ ಗಟ್ಟಿ ನಂಬಿಕೆ, ಎಲ್ಲರೂ ಕ್ಯಾಪ್ಸೂಲ್ ಬಗ್ಗೆ ಕೇಳ್ತಾರೆ, ತಟ್ಟೇಲಿ ಕಾಳು ಎಷ್ಟಿದೆ ಅಂತ ಯಾರೂ ಯೋಚನೆ ಮಾಡಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿರೋದು ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು, 400 ಗ್ರಾಂ ತರಕಾರಿ ಮತ್ತೆ ಹಣ್ಣು. ಬೇರೆ ಬೇರೆ ಬ್ಯಾಕ್ಟೀರಿಯಾಗೆ ಬೇರೆ ಬೇರೆ ನಾರು ಇಷ್ಟ, ಹಾಗಾಗಿ ಒಂದೇ ಪದಾರ್ಥ ರಾಶಿ ತಿನ್ನೋದಕ್ಕಿಂತ ಬಗೆಬಗೆಯದ್ದು ತಿನ್ನೋದು ಮುಖ್ಯ: ಕಾಳು, ಬೇಳೆ, ಈರುಳ್ಳಿ, ಬೆಳ್ಳುಳ್ಳಿ, ಓಟ್ಸ್, ಸೊಪ್ಪು, ಹಣ್ಣು, ಬೀಜಗಳು. ಬೇಯಿಸಿ ಆರಿಸಿದ ಆಲೂಗಡ್ಡೆ, ಅನ್ನದಲ್ಲಿ ಸ್ವಲ್ಪ ಪಿಷ್ಟ ಗಟ್ಟಿಯಾಗಿ ಸಣ್ಣ ಕರುಳಲ್ಲಿ ಜೀರ್ಣ ಆಗದೇ ದೊಡ್ಡ ಕರುಳು ತಲುಪುತ್ತೆ, ಅದೂ ಬ್ಯಾಕ್ಟೀರಿಯಾಗೆ ಆಹಾರವೇ.

ಊಟ ಬದಲಾದ್ರೆ ಒಳಗೆ ಎಷ್ಟು ಬೇಗ ಬದಲಾಗುತ್ತೆ ಅನ್ನೋದು ಆಶ್ಚರ್ಯದ ವಿಷಯ. ಪೂರ್ತಿ ಮಾಂಸ ಮೊಟ್ಟೆ ಚೀಸ್ ಇರೋ ಊಟಕ್ಕೆ ಬದಲಾಯಿಸಿದವರ ಬ್ಯಾಕ್ಟೀರಿಯಾ ಕೆಲವೇ ದಿನದಲ್ಲಿ ಬದಲಾಗಿದ್ದು 2014ರಲ್ಲಿ ಪ್ರಕಟವಾಯ್ತು. 2015ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ 20 ಜನ ಆಫ್ರಿಕನ್ ಅಮೆರಿಕನ್ನರಿಗೆ ದಕ್ಷಿಣ ಆಫ್ರಿಕಾದ ಹಳ್ಳಿಯ ನಾರು ತುಂಬಿದ ಊಟ, ಅಲ್ಲಿನ 20 ಜನರಿಗೆ ಅಮೆರಿಕದ ಕೊಬ್ಬು ತುಂಬಿದ ಊಟ, ಅದಲು ಬದಲು ಮಾಡಿ ಎರಡೇ ವಾರ ಕೊಟ್ರು. ಅಮೆರಿಕದವರಲ್ಲಿ ಬ್ಯುಟಿರೇಟ್ ಏರಿತು, ಕರುಳಿನ ಉರಿಯೂತ ಇಳೀತು, ಹಳ್ಳಿಯವರಲ್ಲಿ ಸರಿಯಾಗಿ ಉಲ್ಟಾ ಆಯ್ತು. ಎರಡು ವಾರ ಅಷ್ಟೇ!

ನಾರು ಜಾಸ್ತಿ ಮಾಡಿದ್ರೆ ಗ್ಯಾಸ್ ಆಗುತ್ತೆ, ಏನು ಮಾಡೋದು?

ಬ್ಯಾಕ್ಟೀರಿಯಾ ಹುದುಗಿಸುವಾಗ ಗ್ಯಾಸ್ ಬರೋದು ಸಹಜ, ಅದು ಕಾಯಿಲೆ ಅಲ್ಲ. ಒಂದೇ ದಿನ ದುಪ್ಪಟ್ಟು ಮಾಡ್ಬೇಡಿ, ಕೆಲವು ವಾರ ತಗೊಂಡು ಸ್ವಲ್ಪ ಸ್ವಲ್ಪ ಏರಿಸಿ, ನೀರು ಚೆನ್ನಾಗಿ ಕುಡೀರಿ, ಕಾಳು ನೆನೆಸಿ ಚೆನ್ನಾಗಿ ಬೇಯಿಸಿ. ಐಬಿಎಸ್ ಇರೋರಿಗೆ ಕೆಲವು ನಾರು ನಿಜವಾಗ್ಲೂ ತೊಂದರೆ ಕೊಡುತ್ತೆ, ಅವರು ಡಯಟಿಷಿಯನ್ ಜೊತೆ ಮಾತಾಡಿ ಮಾಡೋದು ವಾಸಿ.

ಹೊಟ್ಟೆ ಬ್ಯಾಕ್ಟೀರಿಯಾಗೂ ಮನಸ್ಸಿಗೂ ಸಂಬಂಧ ಇದೆಯಂತಲ್ಲಾ?

ಇದೆ. ಕರುಳು ಮತ್ತೆ ಮೆದುಳಿನ ಮಧ್ಯೆ ವೇಗಸ್ ನರ ಇದೆ, ರಕ್ತದ ಮೂಲಕ ಹೋಗೋ ರಾಸಾಯನಿಕಗಳಿವೆ, ರೋಗನಿರೋಧಕ ಸಂಕೇತಗಳಿವೆ. 2004ರಲ್ಲಿ ಜಪಾನಿನಲ್ಲಿ ನೋಡಿದಾಗ ಬ್ಯಾಕ್ಟೀರಿಯಾ ಇಲ್ಲದ ಇಲಿಗಳು ಒತ್ತಡಕ್ಕೆ ಅತಿಯಾಗಿ ಪ್ರತಿಕ್ರಿಯೆ ತೋರಿಸಿದ್ವು, ಚಿಕ್ಕ ವಯಸ್ಸಲ್ಲೇ ಬಿಫಿಡೊಬ್ಯಾಕ್ಟೀರಿಯಂ ಅನ್ನೋ ಕರುಳಿನ ಬ್ಯಾಕ್ಟೀರಿಯಾ ಕೊಟ್ಟಾಗ ಅದು ಸರಿಹೋಯ್ತು.

ಆದ್ರೆ ಎಲ್ಲಾ ಕಡೆ ಓಡಾಡೋ ಒಂದು ಮಾತಿದೆ, ದೇಹದಲ್ಲಿರೋ, ಮನಸ್ಥಿತಿಗೆ ಸಂಬಂಧಿಸಿದ ರಾಸಾಯನಿಕ ಸೆರೊಟೋನಿನ್‌ನಲ್ಲಿ 90 ಶೇಕಡಾ ಕರುಳಲ್ಲೇ ತಯಾರಾಗುತ್ತೆ, ಆದ್ದರಿಂದ ಹೊಟ್ಟೆ ಸರಿ ಮಾಡಿದ್ರೆ ಖಿನ್ನತೆ ಹೋಗುತ್ತೆ ಅಂತ. ಮೊದಲ ಭಾಗ ನಿಜ. ಆದ್ರೆ ಆ ಸೆರೊಟೋನಿನ್ ರಕ್ತದಿಂದ ಮೆದುಳಿಗೆ ದಾಟಲ್ಲ, ಅದು ಕರುಳಿನ ಚಲನೆ ಅಂಥ ಕೆಲಸಕ್ಕೆ, ಮೆದುಳು ತನಗೆ ಬೇಕಾದ್ದನ್ನ ತಾನೇ ಮಾಡ್ಕೊಳ್ಳುತ್ತೆ. ಖಿನ್ನತೆಗೆ ಚಿಕಿತ್ಸೆ ತಗೊಳ್ತಾ ಇರೋರು ಪ್ರೋಬಯಾಟಿಕ್ ನಂಬ್ಕೊಂಡು ಮಾತ್ರೆ ಬಿಡಬೇಡಿ, ಕೈಮುಗಿದು ಕೇಳ್ಕೊಳ್ತೀನಿ.

ಪ್ರೋಬಯಾಟಿಕ್‌ನಿಂದ ತೂಕ ಇಳಿಯುತ್ತಾ?

ಇಳಿಯುತ್ತೆ ಅಂತ ಹೇಳೋಷ್ಟು ಆಧಾರ ಇಲ್ಲ. ಈ ಆಸೆ ಹುಟ್ಟಿದ್ದು ಅಮೆರಿಕದ ವಿಜ್ಞಾನಿ ಜೆಫ್ರಿ ಗಾರ್ಡನ್ ಅವರ ಲ್ಯಾಬ್‌ನ ಇಲಿ ಪ್ರಯೋಗಗಳಿಂದ, ದಪ್ಪ ಇಲಿಯ ಬ್ಯಾಕ್ಟೀರಿಯಾ ಪಡೆದ ಇಲಿಗಳಲ್ಲಿ ಕೊಬ್ಬು ಜಾಸ್ತಿ ಸೇರಿತ್ತು, ಇದು 2006ರದ್ದು. 2013ರಲ್ಲಿ ಅದೇ ಲ್ಯಾಬ್‌ನಲ್ಲಿ ಒಬ್ಬರು ದಪ್ಪ ಒಬ್ಬರು ತೆಳ್ಳಗೆ ಇರೋ ಅವಳಿಗಳ ಬ್ಯಾಕ್ಟೀರಿಯಾವನ್ನ ಇಲಿಗಳಿಗೆ ಹಾಕಿ, ಆ ಇಲಿಗಳನ್ನ ಒಂದೇ ಗೂಡಲ್ಲಿ ಬಿಟ್ರು. ತೆಳ್ಳಗಿನವರ ಬ್ಯಾಕ್ಟೀರಿಯಾ ಇನ್ನೊಂದು ಇಲಿಗೂ ಹರಡಿ ದಪ್ಪ ಆಗದ ಹಾಗೆ ಕಾಪಾಡ್ತು, ಆದ್ರೆ ಆಹಾರದಲ್ಲಿ ಕೊಬ್ಬು ಕಮ್ಮಿ, ನಾರು ಜಾಸ್ತಿ ಇದ್ದಾಗ ಮಾತ್ರ. ಊಟ ಕೆಟ್ಟದಿದ್ದಾಗ ಒಳ್ಳೇ ಬ್ಯಾಕ್ಟೀರಿಯಾನೂ ನಿಲ್ಲಲಿಲ್ಲ.

ಇಮ್ಯುನಿಟಿ ಬೂಸ್ಟ್ ಮಾಡುತ್ತೆ ಅಂತ ಡಬ್ಬಿ ಮೇಲೆ ಬರೆದಿರುತ್ತೆ, ನಿಜವಾ?

ಇಮ್ಯುನಿಟಿ ಏರಿಸ್ತಾ ಹೋಗೋದು ಒಳ್ಳೇದೇನಲ್ಲ, ಅಲರ್ಜಿ, ಸಂಧಿವಾತ ಅಂಥವು ಅದು ಎಲ್ಲಿ ಸುಮ್ಮನಿರ್ಬೇಕೋ ಅಲ್ಲಿ ಕೆರಳೋದ್ರಿಂದಲೇ ಬರೋದು. ಬ್ಯಾಕ್ಟೀರಿಯಾ ಮಾಡೋದು ಹದ ಕಾಯೋ ಕೆಲಸ.

ಸಿಸೇರಿಯನ್ ಆದ ಕೂಸಿಗೆ ಬ್ಯಾಕ್ಟೀರಿಯಾ ಕಮ್ಮಿ ಇರುತ್ತಾ?

ಕಮ್ಮಿ ಅನ್ನೋದಕ್ಕಿಂತ ಬೇರೆ ಥರ ಇರುತ್ತೆ. ಸಹಜ ಹೆರಿಗೆಯಲ್ಲಿ ತಾಯಿಯ ಕರುಳಿನ ಬ್ಯಾಕ್ಟೀರಿಯಾ ಕೂಸಿಗೆ ಸೇರುತ್ತೆ, ಸಿಸೇರಿಯನ್‌ನಲ್ಲಿ ಅದು ಕಮ್ಮಿಯಾಗಿ ಆಸ್ಪತ್ರೆ ವಾತಾವರಣದ್ದು ಮೊದಲು ಬಂದು ಸೇರ್ತವೆ, ಬ್ಯಾಕ್ಟೀರಾಯ್ಡಿಸ್ ಅನ್ನೋ ಗುಂಪು ಎದ್ದು ಕಾಣೋಷ್ಟು ಕಮ್ಮಿ ಇರುತ್ತೆ. ತಿಂಗಳು ಕಳೆದ ಹಾಗೆ ಈ ವ್ಯತ್ಯಾಸ ಬಹುಪಾಲು ತಗ್ಗುತ್ತೆ. ಸಿಸೇರಿಯನ್ ಆದ ತಾಯಂದಿರು ಇದಕ್ಕೆ ಕೊರಗೋದು ಬೇಡವೇ ಬೇಡ, ಅದು ಎಷ್ಟೋ ಸಲ ಇಬ್ಬರ ಜೀವ ಉಳಿಸಿರೋದು.

ಎದೆಹಾಲಿನ ಬಗ್ಗೆ ಒಂದು ಮಾತು. ಅದರಲ್ಲಿ ಕೂಸಿಗೆ ಜೀರ್ಣವೇ ಆಗದ ಸಕ್ಕರೆಗಳು ಇರ್ತವೆ, ಲ್ಯಾಕ್ಟೋಸ್ ಮತ್ತೆ ಕೊಬ್ಬು ಬಿಟ್ರೆ ಹಾಲಿನ ಘನ ಪದಾರ್ಥದಲ್ಲಿ ಅವೇ ಮೂರನೇ ದೊಡ್ಡ ಪಾಲು. ತಾಯಿಯ ದೇಹ ಅಷ್ಟು ಕಷ್ಟಪಟ್ಟು ಅದನ್ನ ತಯಾರಿಸೋದು ಕೂಸಿಗಲ್ಲ, ಕೂಸಿನ ಕರುಳಲ್ಲಿರೋ ಬಿಫಿಡೊಬ್ಯಾಕ್ಟೀರಿಯಾಗೆ! ಇದನ್ನ ಮೊದಲು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಸುಮಾರು ಮೂರು ವರ್ಷದ ಹೊತ್ತಿಗೆ ಮಗುವಿನ ಬ್ಯಾಕ್ಟೀರಿಯಾ ದೊಡ್ಡವರ ಥರ ಆಗುತ್ತೆ.

ನಾನು ತಗೊಳ್ಳೋ ಬೇರೆ ಔಷಧಿಗಳಿಗೂ ಇದಕ್ಕೂ ಸಂಬಂಧ ಇದೆಯಾ?

ಎರಡೂ ಕಡೆಯಿಂದ ಇದೆ. ಆಂಟಿಬಯಾಟಿಕ್ ಅಲ್ಲದ ಸಾವಿರದಷ್ಟು ಔಷಧಿಗಳನ್ನ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದ್ರು, ಮನುಷ್ಯರ ಜೀವಕೋಶಕ್ಕೆ ಅಂತ ಮಾಡಿದ ಔಷಧಿಗಳಲ್ಲಿ ಸುಮಾರು ಕಾಲು ಭಾಗ ಕನಿಷ್ಠ ಒಂದು ಕರುಳಿನ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನಾದ್ರೂ ತಡೀತಿತ್ತು. ಅಸಿಡಿಟಿ ಮಾತ್ರೆಗಳು ಆಸಿಡ್ ಕಮ್ಮಿ ಮಾಡೋದ್ರಿಂದ ಬಾಯಿಯ ಬ್ಯಾಕ್ಟೀರಿಯಾ ಕರುಳಿಗೆ ಇಳಿಯೋದು ಸುಲಭ ಆಗುತ್ತೆ. ಇತ್ತ ಬ್ಯಾಕ್ಟೀರಿಯಾನೂ ಔಷಧಿ ಮೇಲೆ ಕೈಯಾಡಿಸ್ತವೆ, ಎಗರ್ಥೆಲ್ಲಾ ಲೆಂಟಾ ಅನ್ನೋದು ಹೃದಯದ ಔಷಧಿ ಡಿಜಾಕ್ಸಿನ್ ಅನ್ನು ನಿಷ್ಕ್ರಿಯ ಮಾಡುತ್ತೆ, ಪಾರ್ಕಿನ್‌ಸನ್‌ಗೆ ಕೊಡೋ ಲೆವೊಡೋಪಾವನ್ನ ಎಂಟರೊಕಾಕಸ್ ಫೀಕಾಲಿಸ್ ಮೆದುಳು ತಲುಪೋ ಮುಂಚೆನೇ ಬದಲಾಯಿಸಬಲ್ಲದು.

ಮಲ ಪರೀಕ್ಷೆ ಮಾಡಿ ಬ್ಯಾಕ್ಟೀರಿಯಾ ರಿಪೋರ್ಟ್ ಕೊಡ್ತಾರಲ್ಲಾ, ಮಾಡಿಸ್ಬೇಕಾ?

ಬೇಡ ಅಂತೀನಿ. ಆರೋಗ್ಯವಂತರ ಕರುಳಲ್ಲಿ ಇಷ್ಟಿಷ್ಟೇ ಇರ್ಬೇಕು ಅನ್ನೋ ಒಪ್ಪಿತ ಅಳತೆ ಇಲ್ಲ, ಇಬ್ಬರು ಆರೋಗ್ಯವಂತರ ಬ್ಯಾಕ್ಟೀರಿಯಾ ಪೂರ್ತಿ ಬೇರೆ ಬೇರೆ ಇರ್ಬಹುದು. ಅಳತೆ ಇಲ್ಲದ ಕಡೆ "ನಿಮ್ಮದು ಕೆಟ್ಟಿದೆ, ಈ ಸಪ್ಲಿಮೆಂಟ್ ತಗೊಳ್ಳಿ" ಅಂತ ಅದೇ ಕಂಪನಿ ಹೇಳಿದ್ರೆ ಯೋಚನೆ ಮಾಡಿ.

ಬೇರೆಯವರ ಮಲ ಹಾಕಿ ಚಿಕಿತ್ಸೆ ಮಾಡ್ತಾರೆ ಅಂತ ಕೇಳಿದೆ, ನಿಜವಾಗ್ಲೂನಾ?

ನಿಜ, ಇಡೀ ಕ್ಷೇತ್ರದಲ್ಲಿ ಅತಿ ಗಟ್ಟಿ ಸಾಕ್ಷಿ ಇರೋ ಚಿಕಿತ್ಸೆಗಳಲ್ಲಿ ಇದೂ ಒಂದು. ಆಂಟಿಬಯಾಟಿಕ್ ಆದ ಮೇಲೆ ಕೆಲವರಿಗೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಅನ್ನೋ ರೋಗಾಣು ಕರುಳು ಆವರಿಸಿ ಪದೇ ಪದೇ ಭಯಂಕರ ಭೇದಿ ತರಿಸುತ್ತೆ. 2013ರಲ್ಲಿ ನೆದರ್‌ಲ್ಯಾಂಡ್ಸ್‌ನ ಪರೀಕ್ಷೇಲಿ ಆರೋಗ್ಯವಂತರ ಮಲದ ದ್ರಾವಣ ಪಡೆದ 16 ಜನರಲ್ಲಿ 13 ಜನ ಒಂದೇ ಸಲಕ್ಕೆ ಗುಣ ಆದ್ರು, ಬರೀ ವ್ಯಾಂಕೊಮೈಸಿನ್ ಅನ್ನೋ ಆಂಟಿಬಯಾಟಿಕ್ ಪಡೆದ 13 ಜನರಲ್ಲಿ 4 ಜನ ಮಾತ್ರ. ವ್ಯತ್ಯಾಸ ಎಷ್ಟಿತ್ತು ಅಂದ್ರೆ ಪರೀಕ್ಷೆಯನ್ನ ಮುಂಚೆನೇ ನಿಲ್ಲಿಸಿದ್ರು. 2022 ಮತ್ತೆ 2023ರಲ್ಲಿ ಇಂಥ ಎರಡು ಉತ್ಪನ್ನಗಳಿಗೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ, ಎರಡನೇದು ಬಾಯಲ್ಲಿ ನುಂಗೋ ಕ್ಯಾಪ್ಸೂಲ್. ಮನೇಲಿ ಮಾತ್ರ ಯಾವತ್ತೂ ಪ್ರಯತ್ನ ಮಾಡ್ಬೇಡಿ, ದಾನಿಯ ಮಲದಲ್ಲಿ ಔಷಧಿಗೆ ಬಗ್ಗದ ಇ. ಕೋಲೈ ಇದ್ದು ರೋಗಿ ತೀರಿಹೋದ ಬಗ್ಗೆ 2019ರಲ್ಲಿ ಎಫ್‌ಡಿಎಯೇ ಎಚ್ಚರಿಸಿದೆ.

ಪ್ರೋಬಯಾಟಿಕ್ ಯಾರು ತಗೊಳ್ಬಾರದು?

ಆರೋಗ್ಯವಂತರಿಗೆ ಸಾಮಾನ್ಯವಾಗಿ ಗ್ಯಾಸ್, ಉಬ್ಬರ ಬಿಟ್ರೆ ತೊಂದರೆ ಇಲ್ಲ. ಕೀಮೋಥೆರಪಿ ನಡೀತಿರೋರು, ಅಂಗಾಂಗ ಕಸಿ ಆದವರು, ರೋಗನಿರೋಧಕ ಶಕ್ತಿ ತೀರಾ ಕುಗ್ಗಿರೋರು, ಐಸಿಯುನಲ್ಲಿರೋರು, ದೊಡ್ಡ ರಕ್ತನಾಳಕ್ಕೆ ಟ್ಯೂಬ್ ಹಾಕಿರೋರು ಡಾಕ್ಟರ್ ಹೇಳದೇ ಮುಟ್ಟಬಾರದು. ಇದು ಬರೀ ಅಂಜಿಕೆ ಮಾತಲ್ಲ. 2008ರಲ್ಲಿ ಪ್ರಕಟವಾದ, ನೆದರ್‌ಲ್ಯಾಂಡ್ಸ್‌ನಲ್ಲಿ ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತ ಇದ್ದ ರೋಗಿಗಳ ಮೇಲೆ ನಡೆದ ಪ್ರೋಪೇಟ್ರಿಯಾ ಅನ್ನೋ ಪರೀಕ್ಷೇಲಿ, ಪ್ರೋಬಯಾಟಿಕ್ ಪಡೆದವರಲ್ಲಿ 24 ಜನ ಸತ್ರು, ಪಡೆಯದವರಲ್ಲಿ 9.

ಕೊಳ್ಳೋದೇ ಆದ್ರೆ ಏನು ನೋಡ್ಬೇಕು, ಎಷ್ಟು ದಿನ ತಗೊಳ್ಬೇಕು?

ತಳಿಯ ಪೂರ್ತಿ ಹೆಸರು ಇರ್ಬೇಕು. ಸಿಎಫ್‌ಯು, ಅಂದ್ರೆ ಜೀವಂತ ಜೀವಿಗಳ ಲೆಕ್ಕ, ತಯಾರಾದ ದಿನದ್ದಲ್ಲ, ಎಕ್ಸ್‌ಪೈರಿ ದಿನದ ತನಕದ್ದು ಬರೆದಿರ್ಬೇಕು, ಯಾಕಂದ್ರೆ ಡಬ್ಬಿಯೊಳಗೆ ಅವು ಸಾಯ್ತಾನೇ ಇರ್ತವೆ. 10 ತಳಿ, 5,000 ಕೋಟಿ ಅಂತ ಬರೆದಿದ್ರೆ ಜಾಸ್ತಿ ಒಳ್ಳೇದು ಅಂತೇನಿಲ್ಲ, ನಿಮ್ಮ ತೊಂದರೆಗೆ ಪರೀಕ್ಷೆ ಆದ ತಳಿ, ಆ ಪರೀಕ್ಷೇಲಿ ಕೊಟ್ಟ ಪ್ರಮಾಣ ಮುಖ್ಯ. ಫ್ರಿಜ್‌ನಲ್ಲಿಡಿ ಅಂತ ಇದ್ರೆ ಅಂಗಡಿಯಲ್ಲೂ ಫ್ರಿಜ್‌ನಲ್ಲೇ ಇಟ್ಟಿದ್ರಾ ನೋಡಿ. ಬ್ಯಾಸಿಲಸ್ ಕ್ಲಾಸಿ, ಬ್ಯಾಸಿಲಸ್ ಕೊಯಾಗ್ಯುಲನ್ಸ್ ಅಂಥ ಬೀಜಕ ಕಟ್ಟೋವು ಬಿಸಿ ತಡ್ಕೊಳ್ತವೆ, ಹೊರಗಿಟ್ರೂ ನಡೆಯುತ್ತೆ. ನಾಲ್ಕು ವಾರ ತಗೊಂಡು ನೋಡಿ, ಏನೂ ಬದಲಾವಣೆ ಅನ್ಸದಿದ್ರೆ ನಿಲ್ಲಿಸಿ, ಆ ದುಡ್ಡಲ್ಲಿ ತರಕಾರಿ ತನ್ನಿ.

ಹೊಟ್ಟೆ ಸರಿಯಿಲ್ಲ ಅಂದ್ರೆ ಮೊದಲು ಪ್ರೋಬಯಾಟಿಕ್ ತಗೊಂಡು ನೋಡ್ಬಹುದಾ, ಡಾಕ್ಟರ್ ಹತ್ರ ಹೋಗೋ ಮುಂಚೆ?

ಸಣ್ಣ ಉಬ್ಬರ, ಗ್ಯಾಸ್‌ಗೆ ನೋಡ್ಬಹುದು. ಆದ್ರೆ ಮಲದಲ್ಲಿ ರಕ್ತ, ಮಲ ಕಪ್ಪಗೆ ಟಾರ್ ಥರ ಬರೋದು, ಕಾರಣ ಇಲ್ಲದೇ ತೂಕ ಇಳಿಯೋದು, ರಾತ್ರಿ ನಿದ್ದೆಯಿಂದ ಎಬ್ಬಿಸೋ ಭೇದಿ ಅಥವಾ ನೋವು, ಬಿಡದ ಜ್ವರ, ರಕ್ತಹೀನತೆ, 45 ದಾಟಿದ ಮೇಲೆ ಹೊಸದಾಗಿ ಬದಲಾದ ಮಲದ ಅಭ್ಯಾಸ, ಮನೇಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಬಂದಿದ್ದು, ಇದರಲ್ಲಿ ಒಂದಿದ್ರೂ ನೇರ ಡಾಕ್ಟರ್ ಹತ್ರ ಹೋಗಿ. ಕೂಸಿಗೆ ಭೇದಿ ಆಗಿ ಉಚ್ಚೆ ಕಮ್ಮಿ ಆದ್ರೆ, ಕಣ್ಣು ಗುಳಿ ಬಿದ್ದಿದ್ರೆ, ಅಳುವಾಗ ಕಣ್ಣೀರು ಬರ್ತಿಲ್ಲ ಅಂದ್ರೆ ಓಆರ್‌ಎಸ್ ಕುಡಿಸ್ತಾ ಅದೇ ಗಳಿಗೇಲಿ ಹೊರಡಿ.